ಹಳೆಯ ಪಿಸಿಯೋ, ಪುಟ್ಟ ಬೋರ್ಡೋ: ಕಿಲೋವ್ಯಾಟ್-ಗಂಟೆಯ ಒಂದು ಪಾಠ

ಹತ್ತನೇ ತರಗತಿಗೆ ಕಿಲೋವ್ಯಾಟ್-ಗಂಟೆಯನ್ನು ಬೋಧಿಸುವಾಗ ಬಲ್ಬು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಲೆಕ್ಕ ಮಾಡಿಸುವುದು ವಾಡಿಕೆ. ಮಕ್ಕಳು ಸರಿಯುತ್ತರ ತರುತ್ತಾರೆ, ಆದರೆ ಆ ಉತ್ತರದಿಂದ ಏನನ್ನೂ ತೀರ್ಮಾನಿಸುವುದಿಲ್ಲ. ನನ್ನ ಅಭ್ಯಾಸ ಬೋಧನೆಯ ಶಾಲೆಯಲ್ಲಿ ತೀರ್ಮಾನಿಸಬೇಕಾದದ್ದೇ ಒಂದಿತ್ತು. ದಾನಿಗಳು ಕೊಟ್ಟ ನಾಲ್ಕು ಹಳೆಯ ಪಿಸಿಗಳು ಬಟ್ಟೆ ಹೊದ್ದು ಕುಳಿತಿದ್ದವು. ಅವನ್ನು ಗುಜರಿಗೆ ಹಾಕಿ ರಾಸ್ಪ್‌ಬೆರಿ ಪೈ ಥರದ ಅಂಗೈಯಗಲದ ಕಂಪ್ಯೂಟರ್ ತರಿಸಿದರೆ ಕರೆಂಟು ಉಳಿಯುತ್ತದೆ ಎಂಬ ಮಾತು ನಡೆದಿತ್ತು. ಅದನ್ನೇ ಎರಡು ಅವಧಿಗಳ ಪಾಠವಾಗಿಸಿದೆ.

ಕಾಲೇಜಿನಿಂದ ಒಂದು ಪೈ 4 ಮತ್ತು ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್‌ಮೀಟರ್ ಒಯ್ದಿದ್ದೆ. ಪಿಸಿಯ ಹಿಂಬದಿಯ ಚೀಟಿಯಲ್ಲಿ 450 ವ್ಯಾಟ್ ಎಂದಿತ್ತು. ಮಕ್ಕಳು ಅದನ್ನೇ ಬರೆದುಕೊಂಡರು. ಮೀಟರ್ ತೋರಿಸಿದ್ದು 52. ಚೀಟಿಯಲ್ಲಿರುವುದು ಪವರ್ ಸಪ್ಲೈ ಕೊಡಬಲ್ಲ ಗರಿಷ್ಠ ಸಾಮರ್ಥ್ಯ, ಯಂತ್ರ ಬಳಸುತ್ತಿರುವುದಲ್ಲ ಎಂಬುದನ್ನು ನಾನು ವಿವರಿಸುವ ಮೊದಲೇ ಇಬ್ಬರು ಹೇಳಿಬಿಟ್ಟರು. ಪೈ 4 ವ್ಯಾಟ್ ತೆಗೆದುಕೊಂಡಿತು. ಮಾನಿಟರ್ ಎರಡಕ್ಕೂ ಒಂದೇ ಆದ್ದರಿಂದ ಅದನ್ನು ಲೆಕ್ಕದಿಂದ ಬಿಟ್ಟೆವು. ವ್ಯತ್ಯಾಸ 48 ವ್ಯಾಟ್. “ಪೈ ಗೆದ್ದಿತು ಮಿಸ್!” ಎಂದು ಹಿಂದಿನ ಬೆಂಚು ಕೂಗಿತು.

ಎರಡನೇ ಅವಧಿಯಲ್ಲಿ ಕಾಲವನ್ನು ಸೇರಿಸಿದೆವು. ದಿನಕ್ಕೆ 3 ಗಂಟೆ, ವರ್ಷಕ್ಕೆ 220 ದಿನ: ಉಳಿತಾಯ ಸುಮಾರು 32 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ 250 ರೂಪಾಯಿ ಚಿಲ್ಲರೆ. ಅಡಾಪ್ಟರ್, ಮೆಮೊರಿ ಕಾರ್ಡ್ ಸೇರಿ ಹೊಸ ಪೈಗೆ 7,000 ಎಂದು ಅಂದಾಜು ಕೊಟ್ಟಿದ್ದೆ. ಆ ಹಣ ಮರಳಲು 27 ವರ್ಷಕ್ಕೂ ಹೆಚ್ಚು ಬೇಕು! ಅದೇ ಯಂತ್ರ ಹಗಲೂ ರಾತ್ರಿ ಓಡಿದರೆ ಉಳಿಯುವುದು ವರ್ಷಕ್ಕೆ 420 ಯೂನಿಟ್. ಎರಡು ವರ್ಷ ಚಿಲ್ಲರೆಯಲ್ಲಿ ಹಣ ಮರಳುತ್ತದೆ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಆ ಲೆಕ್ಕದಲ್ಲಿ ಮೊದಲನೆಯದರಲ್ಲಿ ತಪ್ಪುವುದು 22 ಕೆ.ಜಿ., ಎರಡನೆಯದರಲ್ಲಿ 290 ಕೆ.ಜಿ.ಗೂ ಮಿಕ್ಕಿ. ಸಾಮರ್ಥ್ಯ ಬೇರೆ, ಶಕ್ತಿ ಬೇರೆ ಎಂಬುದನ್ನು ನಾನು ಬಾಯಿಮಾತಿನಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಲಾರೆ.

ಆಗ ಒಬ್ಬಳು ಕೇಳಿದಳು: “ಪೈ ಮಾಡೋಕೂ ಕರೆಂಟು ಬೇಕಲ್ವಾ ಮಿಸ್?” ಪಾಠ ಯೋಜನೆಯಲ್ಲಿ ಇದನ್ನು ಕೊನೆಗೆ ಇಟ್ಟಿದ್ದೆ, ಅವಳು ಮೊದಲೇ ತಂದಳು. ಚಿಪ್ಪು, ಬೋರ್ಡು ತಯಾರಿಸಲು ಶಕ್ತಿ, ನೀರು, ಲೋಹ ಖರ್ಚಾಗುತ್ತವೆ. ಹಳೆಯ ಪಿಸಿಗೆ ಆ ಖರ್ಚು ಎಂದೋ ಆಗಿಹೋಗಿದೆ. ಪೈನ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಹೆಚ್ಚಿಸಲಾಗದು. ಪಿಸಿಗೆ ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಅಳವಡಿಸಿದರೆ ಟೈಪಿಂಗ್, ಸ್ಪ್ರೆಡ್‌ಶೀಟ್, ಸ್ಕ್ರ್ಯಾಚ್‌ಗೆ ಸಾಕು. ಆದರೆ ಬೋರ್ಡಿನ ಪಿನ್ನುಗಳಿಗೆ ಸೆನ್ಸರ್ ಜೋಡಿಸುವ ಅನುಕೂಲ ಪಿಸಿಯಲ್ಲಿಲ್ಲ. ಅಷ್ಟರ ಮಟ್ಟಿಗೆ ಪೈ ಪರ ವಾದಿಸಿದವರ ಮಾತೂ ಸರಿ.

ಕೊನೆಗೆ ತಂಡಗಳು ಮುಖ್ಯೋಪಾಧ್ಯಾಯರಿಗೆ ಶಿಫಾರಸು ಬರೆದವು. ಹೆಚ್ಚಿನವು ನಾಲ್ಕು ಪಿಸಿಗಳನ್ನೂ ಉಳಿಸಿ, ದಿನವಿಡೀ ಉಷ್ಣಾಂಶ ದಾಖಲಿಸಲು ಒಂದೇ ಒಂದು ಪೈ ಕೇಳಿದವು. ಒಂದು ತಂಡ ಮಾತ್ರ “ಪಾಠ ಮುಗಿದ ಮೇಲೆ ಪಿಸಿ ಆರಿಸುವವರು ಯಾರು?” ಎಂದು ಬರೆದು, ತರಗತಿಯ ನಾಲ್ವರ ಹೆಸರು ಸೇರಿಸಿತ್ತು. ನಾನು ಅಂಕಸೂಚಿಯಲ್ಲಿ ಲೆಕ್ಕಕ್ಕೆ 5, ಕಾರಣಕ್ಕೆ 5 ಇಟ್ಟಿದ್ದೆ. ಈ ಉತ್ತರಕ್ಕೆ ಎಲ್ಲಿ ಅಂಕ ಕೊಡಬೇಕೆಂದು ಮಾರ್ಗದರ್ಶಕ ಶಿಕ್ಷಕರೊಂದಿಗೆ ಇನ್ನೂ ಚರ್ಚೆ ನಡೆದಿದೆ.