ಕೈಗೆ ಬಿಡುವು, ತಲೆಗೆ ಇಲ್ಲ: ಗಾಡಿಗೆ ಬ್ಲೂಟೂತ್ ಕಿಟ್ ಆರಿಸುವ ಪಾಠ

ಇಂಜಿನಿಯರಿಂಗ್ ಸೇರಿದ ಮೇಲೆ ಊರಲ್ಲಿ ನಮಗೆ ಸಂಬಳ ಇಲ್ಲದ ಒಂದು ಕೆಲಸ ಸಿಗುತ್ತೆ. ಸೆಮಿಸ್ಟರ್ ರಜೆಗೆ ಹೋದ್ರೆ ಸಾಕು, "ಈ ಚಾರ್ಜರ್ ಯಾಕ ಬಿಸಿ ಆಗತೈತಿ?", "ಯಾವ ಟಿವಿ ತಗೋಬೇಕಪಾ?" ಅಂತ ಶುರು. ನಮ್ಮ ಬ್ರಾಂಚ್ ಯಾವುದು ಅನ್ನೋದನ್ನ ಯಾರೂ ಕೇಳಲ್ಲ. ಗದಗ ಜಿಲ್ಲೆಯ ರೋಣ ತಾಲೂಕಿನ ಯಾವಗಲ್ ಕಡೆಯ ನಮ್ಮಂಥವರಿಗೆ ಈಗೀಗ ಬರೋ ಪ್ರಶ್ನೆ ಇದು: "ಗಾಡ್ಯಾಗ ಫೋನ್ ಮಾತಾಡಾಕ ಒಂದು ಬ್ಲೂಟೂತ್ ಹಚ್ಚಬೇಕು, ಯಾವುದು ಛಲೋ?"

ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದಿದವರು ಇಷ್ಟಕ್ಕೇ ನಿಲ್ಲಿಸಬಾರದು. ಈ ಪ್ರಶ್ನೆಯೊಳಗೆ ಸ್ಯಾಂಪ್ಲಿಂಗ್ ಇದೆ, ಫಿಲ್ಟರ್ ಇದೆ, ಕಾನೂನು ಇದೆ, ಮನುಷ್ಯನ ಮೆದುಳೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ನಮ್ಮ ದಾರಿ

ಯಾವಗಲ್ ಸುತ್ತ ಇರೋದು ಎರೆ ಭೂಮಿ. ಸಿವಿಲ್ ಗೆಳೆಯರಿಗೆ ಇದರ ಕಷ್ಟ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತೆ. ಅದರ ಮೇಲೆ ಹಾಕಿದ ಡಾಂಬರು ರಸ್ತೆ ಕೆಲವೇ ವರ್ಷದಲ್ಲಿ ಅಲೆ ಅಲೆ ಆಗುತ್ತೆ. ಗಾಡಿ ಕುಲುಕುತ್ತೆ, ಒಳಗೆಲ್ಲ ಗಡಗಡ ಸದ್ದು. ಬೇಸಿಗೆಯಲ್ಲಿ ಕಿಟಕಿ ಇಳಿಸಿದರೆ ಗಾಳಿಯ ಸದ್ದು ಬೇರೆ. ಬೆಂಗಳೂರಿನ ಶೋರೂಮಿನಲ್ಲಿ ನಿಂತ ಕಾರಲ್ಲಿ ಚೆನ್ನಾಗಿ ಕೇಳಿಸಿದ ಕಿಟ್ ಇಲ್ಲಿ ಮಾತು ನುಂಗಬಹುದು.

ಎದುರಿಗೆ ಬರೋದೂ ಬೇರೆ. ಸುಗ್ಗಿ ಟೈಮಲ್ಲಿ ರಸ್ತೆ ಮೇಲೇ ಹರವಿದ ಫಸಲು, ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕುರಿ ಹಿಂಡು, ಎತ್ತಿನ ಗಾಡಿ. ಇವುಗಳ ನಡುವೆ ಉಳ್ಳಾಗಡ್ಡಿ ತುಂಬಿಕೊಂಡು ಹುಬ್ಬಳ್ಳಿ ಎಪಿಎಂಸಿಗೆ ಹೊರಟ ಗೂಡ್ಸ್ ಗಾಡಿ. ಅದರ ಡ್ರೈವರ್‌ಗೆ ದಾರಿಯಲ್ಲಿ ಫೋನ್ ಬರೋದು ಹರಟೆಗಲ್ಲ. ರೇಟ್ ಎಷ್ಟು, ಎಲ್ಲಿ ಇಳಿಸಬೇಕು, ಹಿಂದಿರುಗುವಾಗ ಏನು ತರಬೇಕು, ಎಲ್ಲ ಆ ಫೋನಲ್ಲೇ. "ಫೋನ್ ಎತ್ತಲೇಬೇಡಿ" ಅಂತ ಹೇಳಿ ಕೈ ತೊಳೆದುಕೊಂಡರೆ ನಮ್ಮ ಸಲಹೆ ಯಾರೂ ಕೇಳಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 16.7 ಮೀಟರ್. ಯಾರ ಫೋನ್ ಅಂತ ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತೆ. ಕ್ರಿಕೆಟ್ ಪಿಚ್ ಲೆಕ್ಕದಲ್ಲಿ ಒಂದೂವರೆ ಪಿಚ್ಚಿಗಿಂತ ಜಾಸ್ತಿ ದೂರ, ಕಣ್ಣು ಮುಚ್ಚಿಕೊಂಡು. ಕಿಟ್ ಬೇಕಾಗೋದು ಇದನ್ನ ತಪ್ಪಿಸೋಕೆ.

ಬಾಕ್ಸ್ ಮೇಲಿನ ನಂಬರ್ ಮತ್ತು ಒಳಗಿನ ವಿಷಯ

ಬ್ಲೂಟೂತ್ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಕೆಲಸ ಮಾಡುತ್ತೆ. ಕ್ಲಾಸಿಕ್ ಬ್ಲೂಟೂತ್ ಆ ಬ್ಯಾಂಡನ್ನ 79 ಚಾನೆಲ್ ಮಾಡಿಕೊಂಡು ಸೆಕೆಂಡಿಗೆ 1600 ಸಲದವರೆಗೆ ಚಾನೆಲ್ ಬದಲಿಸುತ್ತೆ. ಒಂದು ಚಾನೆಲ್ಲಿನಲ್ಲಿ ಗದ್ದಲ ಇದ್ದರೂ ಮುಂದಿನದರಲ್ಲಿ ದಾಟಿಕೊಳ್ಳುತ್ತೆ. ಹಾಗಾಗಿ ಕಾರಿನೊಳಗಿನ ಒಂದೆರಡು ಮೀಟರಲ್ಲಿ ರೇಡಿಯೋ ಲಿಂಕ್ ಸಾಮಾನ್ಯವಾಗಿ ಸಮಸ್ಯೆ ಆಗಲ್ಲ.

ಬಾಕ್ಸ್ ಮೇಲೆ ದೊಡ್ಡದಾಗಿ "5.3" ಅಂತ ಹಾಕಿರ್ತಾರೆ. ಆ ನಂಬರ್ ನೋಡಿ ಮಾತು ಸ್ಪಷ್ಟವಾಗಿ ಕೇಳುತ್ತೆ ಅಂತ ತಿಳ್ಕೊಳ್ಳೋಕೆ ಆಗಲ್ಲ. ಕರೆ ನಡೆಸೋದು ಹ್ಯಾಂಡ್ಸ್‌ಫ್ರೀ ಪ್ರೊಫೈಲ್ ಅನ್ನೋ ಬೇರೆ ನಿಯಮಾವಳಿ. ಅದರ ಹಳೇ ಪದ್ಧತಿಯಲ್ಲಿ ಧ್ವನಿಯನ್ನ ಸೆಕೆಂಡಿಗೆ 8,000 ಸಲ ಸ್ಯಾಂಪಲ್ ಮಾಡ್ತಾರೆ. ನೈಕ್ವಿಸ್ಟ್ ನೆನಪಿದೆಯಲ್ಲ? 4 ಕಿಲೋಹರ್ಟ್ಸ್‌ಗಿಂತ ಮೇಲಿನದೆಲ್ಲ ಹೋಯ್ತು. ನಮ್ಮ 'ಸ' ಅಕ್ಷರದ ಶಕ್ತಿ ಬಹುಪಾಲು ಇರೋದೇ ಅದರ ಮೇಲೆ. "ಸಂತಿಗೆ ಹೋಗಿ ಬಾ" ಅಂದಿದ್ದು "ಶಾಂತಿಗೆ ಹೇಳಿ ಬಾ" ಅಂತ ಕೇಳಿಸಿ, "ಆಂ? ಏನಂದಿ?" ಅಂತ ಮೂರು ಸಲ ಕೇಳಬೇಕಾಗುತ್ತೆ. ಪ್ರತಿ ಸಲ ಡ್ರೈವರ್ ಗಮನ ರಸ್ತೆಯಿಂದ ಇನ್ನಷ್ಟು ಆಚೆ ಹೋಗುತ್ತೆ.

ಪ್ರೊಫೈಲಿನ 1.6 ಆವೃತ್ತಿಯಿಂದ ವೈಡ್‌ಬ್ಯಾಂಡ್ ಬಂತು: ಸೆಕೆಂಡಿಗೆ 16,000 ಸ್ಯಾಂಪಲ್, ಅಂದ್ರೆ ಎರಡು ಪಟ್ಟು. ಬಾಕ್ಸ್ ಮೇಲೆ "ವೈಡ್‌ಬ್ಯಾಂಡ್ ಸ್ಪೀಚ್" ಅಥವಾ "ಎಚ್‌ಡಿ ವಾಯ್ಸ್" ಅಂತ ಇದೆಯಾ ನೋಡಿ. ಎರಡೂ ಕಡೆ ವೋಲ್ಟೀಯಂಥ ವೈಡ್‌ಬ್ಯಾಂಡ್ ಕರೆ ಇದ್ದಾಗ ಮಾತ್ರ ಇದರ ಪೂರ್ತಿ ಲಾಭ ಸಿಗೋದು. ಸರಪಳಿಯಲ್ಲಿ ಒಂದು ಕೊಂಡಿ ಸಣ್ಣದಾದರೂ ಧ್ವನಿ ಸಣ್ಣದೇ.

ನಾಲ್ಕು ಬಗೆಯ ಕಿಟ್

ಒಂದು, ಗಾಡಿಯ ಜೊತೆಗೇ ಬಂದ ಅಥವಾ ಆಮೇಲೆ ಹಾಕಿಸಿದ ಬ್ಲೂಟೂತ್ ಸ್ಟೀರಿಯೋ. ಸ್ಟೀರಿಂಗ್ ಮೇಲೆ ಬಟನ್, ಡ್ರೈವರ್ ತಲೆ ಹತ್ತಿರ ಮೈಕ್ ಇದ್ದರೆ ಇದಕ್ಕಿಂತ ಒಳ್ಳೇದಿಲ್ಲ. ಹೊಸದಾಗಿ ಹಾಕಿಸೋರು ಮೈಕ್ ಬೇರೆ ವೈರಿನಲ್ಲಿ ಬರೋ ಸೆಟ್ ಕೇಳಿ. ಮೈಕ್ ಸ್ಟೀರಿಯೋ ಮುಖದಲ್ಲೇ ಇದ್ದರೆ ಬಾಯಿಂದ ತುಂಬಾ ದೂರ ಆಗುತ್ತೆ.

ಎರಡು, ಸನ್ ವೈಸರ್‌ಗೆ ಕ್ಲಿಪ್ ಮಾಡೋ ಸ್ಪೀಕರ್‌ಫೋನ್. ಅದರೊಳಗೇ ಬ್ಯಾಟರಿ, ಮೈಕ್, ಸ್ಪೀಕರ್ ಎಲ್ಲ ಇರುತ್ತೆ. ಸ್ಟೀರಿಯೋನೇ ಇಲ್ಲದ ಹಳೇ ಗಾಡಿಗೂ, ಗೂಡ್ಸ್ ಗಾಡಿಗೂ ಇದೇ ಸರಿ. ಒಂದೇ ಕಿಟ್ಟನ್ನ ಎರಡು ಗಾಡಿಯಲ್ಲಿ ಬಳಸಬಹುದು. ಬೇಸಿಗೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಟ್ಟು ಹೋಗಬೇಡಿ, ಲಿಥಿಯಂ ಬ್ಯಾಟರಿಗೆ ಅದು ಆಗಲ್ಲ.

ಮೂರು, ಲೈಟರ್ ಸಾಕೆಟ್ಟಿಗೆ ಚುಚ್ಚೋ ಎಫ್‌ಎಂ ಟ್ರಾನ್ಸ್‌ಮಿಟರ್. ಫೋನಿನ ಧ್ವನಿಯನ್ನ ಖಾಲಿ ಇರೋ ಎಫ್‌ಎಂ ಫ್ರೀಕ್ವೆನ್ಸಿಯಲ್ಲಿ ಕಾರಿನ ರೇಡಿಯೋಗೆ ಕಳಿಸುತ್ತೆ. ರೇಟ್ ಕಮ್ಮಿ. ಹಳ್ಳಿ ಕಡೆ ಖಾಲಿ ಜಾಗ ಸುಲಭವಾಗಿ ಸಿಗುತ್ತೆ. ಹುಬ್ಬಳ್ಳಿ ಹತ್ತಿರ ಬಂದ ಹಾಗೆ ಅದೇ ಜಾಗದಲ್ಲಿ ಸ್ಟೇಷನ್ ನುಗ್ಗಿದರೆ ಡ್ರೈವರ್ ಟ್ಯೂನ್ ಮಾಡುತ್ತಾ ಕೂರಬೇಕು. ಮೈಕ್ ಗೇರ್ ಪಕ್ಕ ಕೆಳಗಡೆ ಇರುತ್ತೆ, ಅದೂ ತೊಂದರೆ.

ನಾಲ್ಕು, ಆಕ್ಸ್ ತೂತಿಗೆ ಹಾಕೋ ರಿಸೀವರ್. ಎಫ್‌ಎಂ ಗೊಡವೆ ಇಲ್ಲ, ಧ್ವನಿ ಶುದ್ಧ. ಕೆಲವು ಹಾಡಿಗೆ ಮಾತ್ರ ಇರುತ್ತವೆ, ಮೈಕ್ ಇರಲ್ಲ. ಕೇಳಿ ತಗೊಳ್ಳಿ.

ವೋಲ್ಟೇಜ್ ವಿಷಯ ಮರೆಯೋ ಹಾಗಿಲ್ಲ. ಕಾರಿನದ್ದು 12 ವೋಲ್ಟ್ ವ್ಯವಸ್ಥೆ, ಇಂಜಿನ್ ಓಡುವಾಗ 14ರ ಆಸುಪಾಸು. ದೊಡ್ಡ ಲಾರಿ, ಬಸ್ಸುಗಳದ್ದು 24. ಲಾರಿಗೆ ತಗೊಳ್ಳೋರು ಬಾಕ್ಸ್ ಮೇಲೆ "12–24 ವೋಲ್ಟ್" ಅಂತ ಇರೋದನ್ನೇ ತಗೋಬೇಕು.

ಮೈಕ್ ಎಲ್ಲಿರಬೇಕು?

ದುಡ್ಡು ಎಷ್ಟೇ ಕೊಡಲಿ, ಮೈಕ್ ಜಾಗ ತಪ್ಪಿದರೆ ಕಿಟ್ ಕೆಲಸಕ್ಕೆ ಬರಲ್ಲ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗ ಧ್ವನಿ 6 ಡೆಸಿಬೆಲ್ ಇಳಿಯುತ್ತೆ. 20 ಸೆಂ.ಮೀ. ಇದ್ದದ್ದು 80 ಸೆಂ.ಮೀ. ಆದರೆ 12 ಡೆಸಿಬೆಲ್ ಹೋಯ್ತು. ಕಾರಿನೊಳಗೆ ಲೆಕ್ಕ ಇಷ್ಟು ನೇರ ಇಲ್ಲ, ಆದರೂ ದಿಕ್ಕು ಇದೇ. ಮಾತು ಇಳಿಯುತ್ತೆ, ರಸ್ತೆಯ ಗಡಗಡ ಅಷ್ಟೇ ಇರುತ್ತೆ. ವೈಸರ್ ಮೇಲೋ, ಕಿಟಕಿ ಪಕ್ಕದ ಕಂಬದ ಮೇಲೋ ಮೈಕ್ ಹಚ್ಚಿ. ಎಸಿ ಗಾಳಿ ನೇರ ಬಡಿಯಬಾರದು.

ಇನ್ನು ಎಕೋ. ಫೋನ್ ಮಾಡಿದವರ ಧ್ವನಿ ಕಾರಿನ ಸ್ಪೀಕರಿಂದ ಹೊರಟು, ಗಾಜಿಗೆ ಸೀಟಿಗೆ ಬಡಿದು, ಮೈಕಿಗೆ ಸೇರಿ ಅವರಿಗೇ ವಾಪಸ್ ಹೋಗುತ್ತೆ. ಇದನ್ನ ತೆಗೆಯೋದು ಅಡಾಪ್ಟಿವ್ ಫಿಲ್ಟರ್. ಅದು ಕಾರಿನೊಳಗಿನ ಇಂಪಲ್ಸ್ ರೆಸ್ಪಾನ್ಸನ್ನ ತಾನೇ ಅಂದಾಜು ಮಾಡಿ, ಎಕೋ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಕಳೆದುಬಿಡುತ್ತೆ. ಇಂಥ ಫಿಲ್ಟರ್‌ಗಳ ಮೂಲ ಪಾಠವಾದ ಎಲ್‌ಎಂಎಸ್ ಅಲ್ಗಾರಿದಮ್ಮನ್ನ ವಿಡ್ರೋ ಮತ್ತು ಹಾಫ್ 1960ರಲ್ಲೇ ಕೊಟ್ಟರು. ಕಿಟಕಿ ಇಳಿಸಿದರೆ ರೆಸ್ಪಾನ್ಸ್ ಬದಲಾಗಿ ಫಿಲ್ಟರ್ ಮತ್ತೆ ಕಲಿಯಬೇಕು. ವಾಲ್ಯೂಮ್ ಫುಲ್ ಇಟ್ಟರೆ ಸ್ಪೀಕರ್ ಒಡೆದ ಸದ್ದು ಮಾಡುತ್ತೆ, ಲೀನಿಯರ್ ಫಿಲ್ಟರ್‌ಗೆ ಅದು ತಿಳಿಯಲ್ಲ. ಹಾಗಾಗಿ ಕರೆ ಬಂದಾಗ ಕಿಟಕಿ ಏರಿಸಿ, ವಾಲ್ಯೂಮ್ ಮುಕ್ಕಾಲಿಗೆ ಇಡಿ.

ಪರೀಕ್ಷೆ ಹೀಗೆ ಮಾಡಬಹುದು. ಗಾಡಿಯನ್ನ ಬೇರೆಯವರು ನಡೆಸಲಿ. ಪಕ್ಕದಲ್ಲಿ ಕೂತವರು ಕಿಟ್ಟಿನ ಮೂಲಕ ಗೆಳೆಯರಿಗೆ ಕರೆ ಮಾಡಿ ಇಪ್ಪತ್ತು ಅಂಕಿಗಳನ್ನ ಓದಲಿ. ಆ ಕಡೆಯವರು ಬರೆದುಕೊಳ್ಳಲಿ. ನಿಂತ ಗಾಡಿಯಲ್ಲಿ ಒಮ್ಮೆ, ಓಡುವಾಗ ಕಿಟಕಿ ಮುಚ್ಚಿ ಒಮ್ಮೆ, ತೆಗೆದು ಒಮ್ಮೆ. ಎಷ್ಟು ತಪ್ಪಾಯ್ತು ಎಣಿಸಿ. ವಾಪಸ್ ಕೊಡೋ ದಿನ ಮುಗಿಯೋದ್ರೊಳಗೆ ಇದನ್ನ ಮಾಡಿ.

ಹಚ್ಚಿದ ಮೇಲೆ

ಜೋಡಿಸೋ ಕೆಲಸ ಗಾಡಿ ನಿಂತಿದ್ದಾಗಲೇ ಆಗಬೇಕು. ಫೋನ್ ಮತ್ತು ಸ್ಟೀರಿಯೋ ಎರಡರಲ್ಲೂ ಆರು ಅಂಕಿ ತೋರಿಸಿದರೆ ಎರಡೂ ಒಂದೇನಾ ನೋಡಿ ಒಪ್ಪಿ. ಒಂದೇ ಬಟನ್ನಿಂದ ಕರೆ ಎತ್ತೋದನ್ನ ಮನೆ ಮುಂದೆಯೇ ನಾಲ್ಕು ಸಲ ರೂಢಿ ಮಾಡಿಸಿ. ಊರಲ್ಲಿ ದೊಡ್ಡವರಿಗೆ ಕಿಟ್ ಕೊಡಿಸಿದ್ದರೆ ಇದು ಇನ್ನೂ ಮುಖ್ಯ. ಹಳೇ ಗಾಡಿ ಮಾರುವಾಗ ಸ್ಟೀರಿಯೋದಲ್ಲಿ ಜೋಡಿಸಿದ ಫೋನುಗಳ ಪಟ್ಟಿ ಅಳಿಸಿ. ಕಾಂಟ್ಯಾಕ್ಟ್ ನಂಬರುಗಳೂ ಅದರಲ್ಲಿ ಕಾಪಿ ಆಗಿ ಉಳಿದಿರಬಹುದು.

ಕಾನೂನು ಏನು ಹೇಳುತ್ತೆ

ಮೋಟಾರು ವಾಹನ ಕಾಯ್ದೆ 1988ರ 184ನೇ ಸೆಕ್ಷನ್ನಿಗೆ 2019ರಲ್ಲಿ ತಿದ್ದುಪಡಿ ಆಯ್ತು. ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿಯೋ ಫೋನ್ ಬಳಸೋದನ್ನ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದರು. ಮೊದಲ ಸಲಕ್ಕೆ ಕಾಯ್ದೆಯಲ್ಲಿರೋದು 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. 2020ರ ಅಕ್ಟೋಬರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಅಂಥ ಸಾಧನವನ್ನ ದಾರಿ ನೋಡೋಕೆ ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಕಾಯ್ದೆಯ ಈ ಮಾತು ನೋಡೋದು ಕೈಯನ್ನ. ತಲೆಯಲ್ಲಿ ಏನು ನಡೀತಿದೆ ಅನ್ನೋದನ್ನ ಯಾವ ಪೊಲೀಸರೂ ನೋಡೋಕೆ ಆಗಲ್ಲ.

ಕಿಟ್ಟಿನಿಂದ ಆಗದ ಕೆಲಸ

ಪಾಠದ ಮುಖ್ಯ ಭಾಗ ಇಲ್ಲಿದೆ. 1997ರಲ್ಲಿ ರೆಡಲ್‌ಮಿಯರ್ ಮತ್ತು ಟಿಬ್ಶಿರಾನಿ ಎಂಬ ಸಂಶೋಧಕರು ಕೆನಡಾದ ಟೊರಾಂಟೊದಲ್ಲಿ, ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ದಾಖಲೆ ನೋಡಿದರು. ಫೋನ್ ಬಳಸುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಅಂತ ಕಂಡಿತು. ಹ್ಯಾಂಡ್ಸ್‌ಫ್ರೀ ಇದ್ದವರಿಗೆ ಇದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಅಧ್ಯಯನದಲ್ಲೂ ಹೆಚ್ಚುಕಮ್ಮಿ ಇದೇ ಉತ್ತರ ಬಂತು.

ಯಾಕೆ? ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸ್ಟ್ರೇಯರ್ ಮತ್ತು ಜೊತೆಗಾರರು ಸಿಮ್ಯುಲೇಟರಿನಲ್ಲಿ ನೋಡಿದರು. ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡುತ್ತಿದ್ದವರ ಕಣ್ಣು ಎದುರಿನ ವಸ್ತುವಿನ ಮೇಲೇ ಇತ್ತು, ಆಮೇಲೆ ಕೇಳಿದರೆ ಅದನ್ನ ನೋಡಿದ ನೆನಪು ಅವರಿಗೆ ಕಮ್ಮಿ. ಕಣ್ಣು ನೋಡುತ್ತೆ, ತಲೆಗೆ ಹೋಗಲ್ಲ. ನಮ್ಮ ಕ್ಲಾಸಿನ ಕೊನೇ ಬೆಂಚಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಪಕ್ಕದ ಸೀಟಿನವರ ಜೊತೆ ಮಾತಾಡಿದರೂ ಅಷ್ಟೇ ತಾನೇ? ಅದೇ ವಿಶ್ವವಿದ್ಯಾಲಯದ 2008ರ ಅಧ್ಯಯನ ಇದನ್ನೂ ನೋಡಿತು. ವ್ಯತ್ಯಾಸ ಇತ್ತು. ಫೋನಿನಲ್ಲಿ ಮಾತಾಡುತ್ತಿದ್ದ ಚಾಲಕರು ತಿರುಗಬೇಕಾದ ಜಾಗ ತಪ್ಪಿಸಿಕೊಂಡದ್ದು ಹೆಚ್ಚು. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತೆ. ಟ್ರಾಫಿಕ್ ಜೋರಾದಾಗ ಅವರ ಮಾತೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತೆ. ನಮ್ಮ ಕಡೆ ಪಕ್ಕದವರು ಮಾತು ನಿಲ್ಲಿಸಿ "ಏ, ಟ್ರ್ಯಾಕ್ಟರ್ ನೋಡು" ಅಂತಲೂ ಅಂತಾರೆ. ಫೋನಿನ ಆ ಕಡೆ ಇರೋರಿಗೆ ಟ್ರ್ಯಾಕ್ಟರ್ ಕಾಣಲ್ಲ. ಅವರು ಮಾತು ಮುಂದುವರಿಸುತ್ತಾರೆ.

ಆ ಕಡೆಯ ಫೋನ್ ನಮ್ಮದು

ಈಗ ಹೇಳಿ, ಆ ಕಡೆ ಇರೋರು ಯಾರು? ಎಷ್ಟೋ ಸಲ ನಾವೇ. ಹಾಸ್ಟೆಲ್ಲಿಂದ ಸಂಜೆ ಮನೆಗೆ ಫೋನ್ ಮಾಡೋರು ನಾವು. ಪರೀಕ್ಷೆ ಫೀಸು ಯಾವಾಗ ಹಾಕ್ತೀರಿ, ರಿಸಲ್ಟ್ ಬಂತು, ಒಂದು ಸಬ್ಜೆಕ್ಟ್ ಹೋಯ್ತು, ಇದನ್ನೆಲ್ಲ ಹೇಳೋರೂ ನಾವೇ. ಹೊತ್ತು ಮುಳುಗೋ ಹೊತ್ತಲ್ಲಿ, ದೀಪ ಇಲ್ಲದ ಟ್ರೇಲರ್ ಹಿಂದೆ ಗಾಡಿ ಓಡಿಸುತ್ತಿರೋ ಅಪ್ಪನ ತಲೆಗೆ ಅಷ್ಟನ್ನ ತುಂಬಿದರೆ ಯಾವ ಕಿಟ್ ಏನು ಮಾಡೀತು? ಸುದ್ದಿ ದೊಡ್ಡದಾದಷ್ಟೂ ಗಮನ ಹೋಗೋದು ಜಾಸ್ತಿ.

ಹಾಗಾಗಿ ಕಿಟ್ ಜೊತೆ ಮೂರು ನಿಯಮ ಕೂಡ ಮನೆಯವರಿಗೆ ಕೊಡೋಣ, ನಾವೂ ಪಾಲಿಸೋಣ.

1. ಫೋನ್ ಎತ್ತಿದ ಕೂಡಲೇ ಮೊದಲ ಪ್ರಶ್ನೆ: "ಗಾಡ್ಯಾಗ ಅದೀರೇನ್ರಿ?" ಹೌದು ಅಂದ್ರೆ, "ನಿಲ್ಲಿಸಿದ ಮ್ಯಾಲ ಹಚ್ಚ್ರಿ, ಅವಸರ ಏನಿಲ್ಲ" ಅಂತ ಹೇಳಿ ನಾವೇ ಕಟ್ ಮಾಡೋದು.

2. ಗಾಡಿ ಓಡುವಾಗ ಎತ್ತಲೇಬೇಕಾದರೆ ಅರ್ಧ ನಿಮಿಷದ ಮಾತು ಮಾತ್ರ. "ಎಲ್ಲಿ ಬಂದ್ರಿ?", "ಯಾವ ಗೇಟಿಗೆ ಬರಬೇಕು?" ಇಷ್ಟು ಸಾಕು. ರೇಟಿನ ಚೌಕಾಸಿ, ಜಗಳ, ಫೀಸು, ರಿಸಲ್ಟ್ ಇವೆಲ್ಲ ಗಾಡಿ ಬದಿಗೆ ನಿಂತ ಮೇಲೆ.

3. ದಿನಾ ಗಾಡಿ ಓಡಿಸೋರ ಜೊತೆ ಹೊರಡುವ ಮುಂಚೆಯೇ ಮಾತಾಡಿಕೊಳ್ಳೋದು. ನರಗುಂದದಲ್ಲಿ ಚಹಾಕ್ಕೆ ನಿಂತಾಗ ಒಂದು ಸಲ, ಹುಬ್ಬಳ್ಳಿ ಮುಟ್ಟಿದ ಮೇಲೆ ಒಂದು ಸಲ ಅಂತ ಮೊದಲೇ ತಿಳಿಸಿದ್ದರೆ ನಡುವೆ ಯಾರೂ ಫೋನ್ ಮಾಡಲ್ಲ.

ಈಗ ಊರಿನ ಪ್ರಶ್ನೆಗೆ ಉತ್ತರ. ಸ್ಟೀರಿಯೋ ಇಲ್ಲದ ಗಾಡಿಗೆ ವೈಸರ್ ಸ್ಪೀಕರ್‌ಫೋನ್, ಒಳ್ಳೇ ಸ್ಟೀರಿಯೋ ಹಾಕಿಸೋಕೆ ದುಡ್ಡಿದ್ದರೆ ಬೇರೆ ವೈರಿನ ಮೈಕ್ ಇರೋದು, ವೈಡ್‌ಬ್ಯಾಂಡ್ ಅಂತೂ ಇರಲೇಬೇಕು. ಟ್ರ್ಯಾಕ್ಟರ್‌ಗೆ ಯಾವುದೂ ಬೇಡ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಇಂಜಿನ್ ಸದ್ದಲ್ಲಿ ಕಿಟ್ಟಿನ ಮೈಕಿಗೆ ಮಾತು ಸಿಗಲ್ಲ, ಅಲ್ಲಿ ಇಳಿದೇ ಮಾತಾಡಬೇಕು. ಇಷ್ಟು ಹೇಳಿದ ಮೇಲೆ ಕಿಟ್ ಕೇಳಿದವರ ನಂಬರ್ ನಮ್ಮ ಫೋನಿನಲ್ಲಿ ಇದ್ದೇ ಇರುತ್ತೆ. ಮುಂದಿನ ಸಲ ಅವರಿಗೆ ಕರೆ ಮಾಡುವಾಗ ಮೊದಲ ನಿಯಮ ನಮ್ಮಿಂದಲೇ ಶುರುವಾಗಲಿ.