ಒಂದು ನಗರಸಭೆಯ ಎರಡು ತೀರ್ಮಾನಗಳು

ಒಂದು ನಗರದ ಹಿರಿಮೆ ಯಾವುದರಲ್ಲಿದೆ ಎಂದು ಕೇಳಿದರೆ ಜನರು ಸಾಮಾನ್ಯವಾಗಿ ಅಲ್ಲಿನ ಅರಮನೆಗಳನ್ನೂ ದೇವಾಲಯಗಳನ್ನೂ ವಿಶಾಲವಾದ ರಾಜಬೀದಿಗಳನ್ನೂ ಹೆಸರಿಸುತ್ತಾರೆ. ಬೆಳಗಾಗುತ್ತಲೇ ನಲ್ಲಿಯಲ್ಲಿ ಬರುವ ನೀರನ್ನಾಗಲಿ, ನೆಲದಡಿಯಲ್ಲಿ ಕಾಣದಂತೆ ಹರಿದುಹೋಗುವ ಚರಂಡಿಯನ್ನಾಗಲಿ, ಬಡವನೊಬ್ಬನ ಮನೆಯ ಕಿಟಕಿಯೊಳಗೆ ಬೀಳುವ ಬಿಸಿಲನ್ನಾಗಲಿ ಯಾರೂ ಹೆಸರಿಸುವುದಿಲ್ಲ. ಆದರೆ ಇವು ತಾವಾಗಿಯೇ ಉಂಟಾದುವಲ್ಲ. ಎಂದೋ ಒಂದು ದಿನ ನಗರಸಭೆಯಲ್ಲಿ ಯಾರೋ ಒಬ್ಬರು ಈ ಮಾತನ್ನೆತ್ತಿದರು. ಕೆಲವರು ಒಪ್ಪಿದರು, ಕೆಲವರು ವಿರೋಧಿಸಿದರು. ವೆಚ್ಚದ ಲೆಕ್ಕ ನಡೆಯಿತು. ಕೊನೆಗೆ ಒಂದು ತೀರ್ಮಾನವಾಯಿತು. ಆ ತೀರ್ಮಾನವನ್ನು ಜನರು ಬೇಗ ಮರೆಯುತ್ತಾರೆ; ಆದರೆ ಅದರ ಫಲವನ್ನು ತಲೆಮಾರುಗಳವರೆಗೆ ಉಣ್ಣುತ್ತಾರೆ.

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರದ ಸಭೆಯು ಇಂಥ ಎರಡು ದೊಡ್ಡ ತೀರ್ಮಾನಗಳನ್ನು ಕೈಗೊಂಡಿತು. ಒಂದು 1864ರಲ್ಲಿ, ಮತ್ತೊಂದು 1923ರಲ್ಲಿ. ಮೊದಲನೆಯದು ನೀರಿಗೆ ಸಂಬಂಧಿಸಿದ್ದು, ಎರಡನೆಯದು ಮನೆಗೆ ಸಂಬಂಧಿಸಿದ್ದು. ಮೊದಲನೆಯದು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಎರಡನೆಯದು ಮುಂದುವರಿಸಿತೆಂಬುದೇ ಇವುಗಳ ನಡುವಣ ನಂಟು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ವಿಯೆನ್ನಾ ಒಂದು ದೊಡ್ಡ ಸಾಮ್ರಾಜ್ಯದ ರಾಜಧಾನಿಯಾಗಿದ್ದಿತು. ಮೊಜಾರ್ಟ್ ಮತ್ತು ಬೀಥೋವನ್ ಅವರ ಸಂಗೀತವನ್ನು ಕೇಳಿದ ಊರು ಅದು. ಹಳೆಯ ಕೋಟೆಗೋಡೆಗಳನ್ನು ಕೆಡವಿ, ಆ ಜಾಗದಲ್ಲಿ ವರ್ತುಲಾಕಾರದ ಭವ್ಯವಾದ ಬೀದಿಯೊಂದನ್ನು ನಿರ್ಮಿಸುವ ಕೆಲಸ ಭರದಿಂದ ಸಾಗಿದ್ದಿತು. ಮೇಲೆ ಇಷ್ಟು ವೈಭವವಿದ್ದರೂ ನೆಲದ ಕೆಳಗಿನ ಸ್ಥಿತಿ ಬೇರೆಯಾಗಿದ್ದಿತು. ಜನರಲ್ಲಿ ಬಹುಮಂದಿ ಕುಡಿಯುತ್ತಿದ್ದುದು ಬಾವಿಯ ನೀರನ್ನು. ಬಾವಿಗೂ ಕೊಚ್ಚೆಗುಂಡಿಗೂ ನಡುವೆ ಕೆಲವೇ ಮಾರುಗಳ ಅಂತರ. ಒಂದರ ಕೊಳೆ ಇನ್ನೊಂದಕ್ಕೆ ಇಂಗುತ್ತಿದ್ದಿತು. 1831ರಿಂದ ಈಚೆಗೆ ಕಾಲರಾ ಬೇನೆ ಆ ನಗರಕ್ಕೆ ಮತ್ತೆ ಮತ್ತೆ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ವಿಷಮಶೀತಜ್ವರವಂತೂ ಊರನ್ನು ಬಿಟ್ಟು ಹೋದುದೇ ಇಲ್ಲ.

ಆ ಕಾಲದಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಸ್ಯೂಸ್ ಎಂಬ ತರುಣ ಭೂವಿಜ್ಞಾನಿ ಪ್ರಾಧ್ಯಾಪಕನಾಗಿದ್ದನು. ಕೋಟ್ಯಂತರ ವರ್ಷಗಳ ಹಿಂದೆ ಭಾರತ, ಆಫ್ರಿಕ ಮುಂತಾದ ಭೂಭಾಗಗಳು ಒಂದಾಗಿದ್ದುವೆಂದು ತರ್ಕಿಸಿ, ಆ ಪ್ರಾಚೀನ ಭೂಖಂಡಕ್ಕೆ ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರನ್ನೇ ಬಳಸಿ ‘ಗೊಂಡ್ವಾನಾಲ್ಯಾಂಡ್’ ಎಂದು ಕರೆದವನು ಇವನೇ. 1862ರಲ್ಲಿ ಅವನು ವಿಯೆನ್ನಾ ನಗರದ ನೆಲವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ನಗರದ ಕೆಳಗೆ ಯಾವ ಯಾವ ಮಣ್ಣಿನ ಪದರಗಳಿವೆ, ನೀರು ಹೇಗೆ ಇಂಗಿ ಹರಿಯುತ್ತದೆ, ಕೊಳೆ ಬಾವಿಗಳನ್ನು ಹೇಗೆ ಸೇರುತ್ತದೆ ಎಂಬುದನ್ನು ಅದರಲ್ಲಿ ವಿವರಿಸಿದನು. ಗ್ರಂಥ ಬರೆದುದರಿಂದಲೇ ತನ್ನ ಕರ್ತವ್ಯ ಮುಗಿಯಿತೆಂದು ಅವನು ಭಾವಿಸಲಿಲ್ಲ. ಮರುವರ್ಷವೇ ನಗರಸಭೆಯ ಸದಸ್ಯನಾಗಿ ಚುನಾಯಿತನಾದನು.

ನಗರಕ್ಕೆ ಒಳ್ಳೆಯ ನೀರು ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಎಲ್ಲಿಂದ ತರಬೇಕೆಂಬುದೇ ಪ್ರಶ್ನೆ. ಪಕ್ಕದಲ್ಲಿಯೇ ಡ್ಯಾನ್ಯೂಬ್ ನದಿ ಹರಿಯುತ್ತಿರುವಾಗ ದೂರಕ್ಕೆ ಏಕೆ ಹೋಗಬೇಕೆಂಬ ಮಾತು ಸಹಜವಾಗಿತ್ತು. ಆದರೆ ಸ್ಯೂಸ್ ತೋರಿಸಿದ್ದು ಆಲ್ಪ್ಸ್ ಪರ್ವತಶ್ರೇಣಿಯ ಅಂಚಿನಲ್ಲಿರುವ ಶ್ನೇಬೆರ್ಗ್ ಮತ್ತು ರಾಕ್ಸ್ ಎಂಬ ಬೆಟ್ಟಗಳ ಕಡೆಗೆ. ಶ್ನೇಬೆರ್ಗ್ ಎಂದರೆ ‘ಹಿಮದ ಬೆಟ್ಟ’ ಎಂದರ್ಥ. ಆ ಬೆಟ್ಟಗಳ ಮೇಲೆ ಬಿದ್ದ ಮಳೆಯೂ ಕರಗಿದ ಹಿಮವೂ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ತಪ್ಪಲಿನಲ್ಲಿ ತಣ್ಣನೆಯ ನಿರ್ಮಲವಾದ ಒರತೆಗಳಾಗಿ ಚಿಮ್ಮುತ್ತಿದ್ದುವು. ಅವುಗಳಲ್ಲಿ ಒಂದರ ನೀರನ್ನು ಹಿಂದೆ ಕುದುರೆ ಸವಾರರು ಚಕ್ರವರ್ತಿಯ ಅರಮನೆಗೆಂದು ಹೊತ್ತು ತರುತ್ತಿದ್ದರು. ಅರಸನೊಬ್ಬನಿಗೆ ಒದಗುತ್ತಿದ್ದ ನೀರನ್ನು ಇಡೀ ನಗರಕ್ಕೆ ಒದಗಿಸಬೇಕೆಂಬುದು ಸ್ಯೂಸನ ಆಶಯ. ಒರತೆಗಳು ನಗರಕ್ಕಿಂತ ಬಹು ಎತ್ತರದಲ್ಲಿದ್ದುದರಿಂದ ಪಂಪುಗಳ ಗೊಡವೆಯೇ ಇಲ್ಲದೆ ನೀರು ತನ್ನ ಭಾರದಿಂದಲೇ ಇಳಿದು ಬರಬಲ್ಲುದೆಂದು ಅವನು ಲೆಕ್ಕಹಾಕಿ ತೋರಿಸಿದನು.

ದೂರವು ಹೆಚ್ಚು, ವೆಚ್ಚವು ಅಪಾರ ಎಂಬ ಆಕ್ಷೇಪಣೆಗಳು ಎದ್ದರೂ 1864ರಲ್ಲಿ ನಗರಸಭೆಯು ಈ ಯೋಜನೆಯನ್ನು ಒಪ್ಪಿಕೊಂಡಿತು. 1870ರಲ್ಲಿ ಕಾಮಗಾರಿ ಆರಂಭವಾಯಿತು. ಬೆಟ್ಟ ಅಡ್ಡ ಬಂದೆಡೆ ಸುರಂಗವನ್ನು ಕೊರೆದು, ಕಣಿವೆ ಬಂದೆಡೆ ಕಮಾನುಗಳ ಮೇಲೆ ಕಾಲುವೆಯನ್ನು ಸಾಗಿಸಿ, ಸುಮಾರು 95 ಕಿಲೋಮೀಟರು ದೂರದಿಂದ ನೀರನ್ನು ತಂದರು. 1873ರ ಅಕ್ಟೋಬರ್ 24ರಂದು ನಗರದ ಚೌಕವೊಂದರಲ್ಲಿ ದೊಡ್ಡ ಕಾರಂಜಿಯು ಬೆಟ್ಟದ ನೀರನ್ನು ಆಕಾಶದೆತ್ತರಕ್ಕೆ ಚಿಮ್ಮಿಸಿದಾಗ ನೆರೆದ ಜನರ ಹರ್ಷಕ್ಕೆ ಪಾರವಿರಲಿಲ್ಲ. ಮುಂದಿನ ವರ್ಷಗಳಲ್ಲಿ ವಿಷಮಶೀತಜ್ವರದ ಸಾವುಗಳು ಬಹಳ ಮಟ್ಟಿಗೆ ಇಳಿದುವು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ವಿಜ್ಞಾನದ ವಿಜಯವೆನಿಸುತ್ತಿದ್ದಿತು. ಆದರೆ ಬೆಟ್ಟದಿಂದ ಬಂದ ನೀರು ಎಲ್ಲರ ಮನೆಯ ಒಳಕ್ಕೆ ಬರಲಿಲ್ಲ. ಶ್ರೀಮಂತರ ಮನೆಗಳಲ್ಲಿ ಅದು ಅಡುಗೆಮನೆಗೂ ಸ್ನಾನಗೃಹಕ್ಕೂ ಹರಿಯಿತು. ಕೂಲಿಕಾರರು ವಾಸಿಸುತ್ತಿದ್ದ ಬಾಡಿಗೆಯ ಕಟ್ಟಡಗಳಲ್ಲಿ ಮಹಡಿಗೊಂದರಂತೆ ಹೊರಗಿನ ಪಡಸಾಲೆಯಲ್ಲಿ ಒಂದು ನಲ್ಲಿ. ಅದರ ಕೆಳಗೆ ಒಂದು ಕಬ್ಬಿಣದ ತೊಟ್ಟಿ. ಇದಕ್ಕೆ ಅಲ್ಲಿನವರು ‘ಬಸ್ಸೇನಾ’ ಎಂದು ಕರೆಯುತ್ತಿದ್ದರು. ಹಲವು ಸಂಸಾರಗಳ ಹೆಂಗಸರು ಕೊಡಗಳನ್ನು ಹಿಡಿದು ಅಲ್ಲಿ ಸರದಿ ಕಾಯುತ್ತಿದ್ದರು. ಊರಿನ ಸುದ್ದಿಯೂ ಜಗಳವೂ ಅಲ್ಲಿಯೇ. ಶೌಚಾಲಯವೂ ಅದೇ ಪಡಸಾಲೆಯಲ್ಲಿ, ಹಲವರ ಪಾಲಿಗೆ ಒಂದೇ. ಒಂದು ಕೋಣೆ, ಒಂದು ಅಡುಗೆಮನೆ, ಇಷ್ಟರಲ್ಲಿ ಇಡೀ ಸಂಸಾರ. ಬಾಡಿಗೆಯ ಹೊರೆ ತಾಳಲಾರದೆ ಅನೇಕರು ಮನೆಯ ಒಂದು ಹಾಸಿಗೆಯನ್ನು ಪರರಿಗೆ ಬಾಡಿಗೆಗೆ ಕೊಡುತ್ತಿದ್ದರು. ಹಗಲು ದುಡಿದವನು ರಾತ್ರಿ ಮಲಗಿದ್ದ ಹಾಸಿಗೆಯಲ್ಲಿ ರಾತ್ರಿ ದುಡಿದವನು ಹಗಲು ಮಲಗುತ್ತಿದ್ದನು. ಗಾಳಿ ಬೆಳಕುಗಳಿಲ್ಲದ ಆ ಕೋಣೆಗಳಲ್ಲಿ ಕ್ಷಯರೋಗ ಎಷ್ಟು ಹಬ್ಬಿತೆಂದರೆ ಅದಕ್ಕೆ ‘ವಿಯೆನ್ನಾದ ರೋಗ’ ಎಂಬ ಹೆಸರೇ ಬಂದಿತು. ತೊಂಬತ್ತೈದು ಕಿಲೋಮೀಟರು ದಾರಿಯನ್ನು ಮೂರೇ ವರ್ಷಗಳ ಕೆಲಸದಿಂದ ಕ್ರಮಿಸಿದ ನೀರಿಗೆ ಪಡಸಾಲೆಯಿಂದ ಬಡವನ ಒಲೆಯವರೆಗಿನ ಹತ್ತು ಹೆಜ್ಜೆಗಳನ್ನು ಕ್ರಮಿಸಲು ಐವತ್ತು ವರ್ಷಗಳು ಬೇಕಾದುವು.

ಏಕೆ ಹೀಗಾಯಿತು? ಕಾರಣವನ್ನು ಸಭಾಂಗಣದಲ್ಲಿಯೇ ಹುಡುಕಬೇಕು. 1864ರ ನಗರಸಭೆಯನ್ನು ಚುನಾಯಿಸುತ್ತಿದ್ದವರು ನಿಗದಿಯಾದ ತೆರಿಗೆಯನ್ನು ಕೊಡುತ್ತಿದ್ದ ಅನುಕೂಲಸ್ಥರು ಮತ್ತು ವಿದ್ಯಾವಂತರಾದ ಕೆಲವರು ಮಾತ್ರ. ಕೂಲಿಕಾರರಿಗೆ ಮತವಿರಲಿಲ್ಲ, ಬಸ್ಸೇನಾದ ಮುಂದೆ ಕೊಡ ಹಿಡಿದು ನಿಂತ ಹೆಂಗಸರಿಗೂ ಮತವಿರಲಿಲ್ಲ. ರೋಗವು ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರ ಬಾಗಿಲನ್ನೂ ತಟ್ಟುವುದಾದುದರಿಂದ ನೀರಿನ ವಿಷಯ ಸಭೆಗೆ ಮುಟ್ಟಿತು. ಇಕ್ಕಟ್ಟಿನ ಕೋಣೆಯ ಸಂಕಟ ಸಭೆಯಲ್ಲಿ ಕುಳಿತವರಲ್ಲಿ ಬಹುಮಂದಿಯ ಅನುಭವಕ್ಕೆ ಬಂದುದಾಗಿರಲಿಲ್ಲ.

1918ರಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ಸಾಮ್ರಾಜ್ಯ ಕುಸಿದುಬಿದ್ದಿತು. ನಗರದಲ್ಲಿ ಹಸಿವು, ಚಳಿ, ನಿರುದ್ಯೋಗ. ಮನೆಯಿಲ್ಲದವರು ಊರ ಹೊರಗೆ ಗುಡಿಸಲುಗಳನ್ನು ಕಟ್ಟಿಕೊಂಡರು. 1919ರ ಮೇ ತಿಂಗಳಲ್ಲಿ ನಗರಸಭೆಗೆ ನಡೆದ ಚುನಾವಣೆಯಲ್ಲಿ ವಯಸ್ಕರಾದ ಎಲ್ಲ ಸ್ತ್ರೀಪುರುಷರೂ ಮೊದಲ ಬಾರಿಗೆ ಮತ ನೀಡಿದರು. ಹೊಸ ಸಭೆಯ ಮುಂದೆ ಮೊದಲು ನಿಂತ ಸಮಸ್ಯೆಯೇ ವಸತಿ. ಬಸ್ಸೇನಾದ ಮಾತು ಕೊನೆಗೂ ಸಭಾಂಗಣವನ್ನು ಪ್ರವೇಶಿಸಿತು.

ಆದರೆ ಮನೆ ಕಟ್ಟುವುದು ಬರಿಯ ಸಂಕಲ್ಪದಿಂದ ಆಗುವ ಕೆಲಸವಲ್ಲ. ಹಣವೆಲ್ಲಿ? ಸಾಲ ಮಾಡಬಹುದಾಗಿತ್ತು, ಆದರೆ ಬಡ್ಡಿಯ ಹೊರೆ ಬಾಡಿಗೆಯ ಮೂಲಕ ಬಡವನ ಮೇಲೆಯೇ ಬೀಳುತ್ತಿದ್ದಿತು. ಆಗ ನಗರದ ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೊ ಬ್ರೈಟ್ನರ್ ಎಂಬವನು ಹಿಂದೆ ಒಂದು ದೊಡ್ಡ ಬ್ಯಾಂಕಿನ ನಿರ್ದೇಶಕನಾಗಿದ್ದವನು; ಲೆಕ್ಕಾಚಾರದಲ್ಲಿ ನಿಷ್ಣಾತ. 1922ರಲ್ಲಿ ವಿಯೆನ್ನಾ ತಾನೇ ಒಂದು ರಾಜ್ಯವಾಗಿ ತೆರಿಗೆ ವಿಧಿಸುವ ಅಧಿಕಾರವನ್ನು ಪಡೆದಿದ್ದಿತು. ಆ ಅಧಿಕಾರವನ್ನು ಬಳಸಿ 1923ರಲ್ಲಿ ‘ಗೃಹನಿರ್ಮಾಣ ತೆರಿಗೆ’ಯನ್ನು ಜಾರಿಗೆ ತರಲಾಯಿತು. ಸಣ್ಣ ಮನೆಯವನಿಗೆ ಅತ್ಯಲ್ಪ ತೆರಿಗೆ. ಮನೆ ದೊಡ್ಡದಾದಂತೆ ತೆರಿಗೆಯ ದರವೂ ಏರುತ್ತಿದ್ದಿತು. ಅತ್ಯಂತ ದುಬಾರಿಯಾದ, ಒಟ್ಟು ಸಂಖ್ಯೆಯಲ್ಲಿ ಶೇಕಡ ಅರ್ಧದಷ್ಟೇ ಇದ್ದ ಕಟ್ಟಡಗಳಿಂದ ಈ ತೆರಿಗೆಯ ಸುಮಾರು ಶೇಕಡ 45ರಷ್ಟು ಹಣ ಬಂದಿತು. ಇದಲ್ಲದೆ ಐಷಾರಾಮದ ವಸ್ತುಗಳ ಮೇಲೆಯೂ ವಿನೋದಾವಳಿಗಳ ಮೇಲೆಯೂ ತೆರಿಗೆ ಬಿದ್ದಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಐದು ವರ್ಷಗಳೊಳಗೆ 25,000 ಮನೆಗಳನ್ನು ಕಟ್ಟಬೇಕೆಂದು ನಗರಸಭೆಯು ತೀರ್ಮಾನಿಸಿತು. ಅವಧಿಗೆ ಮೊದಲೇ ಆ ಗುರಿ ಈಡೇರಿತು. 1934ರ ವೇಳೆಗೆ ಅರವತ್ತು ಸಾವಿರಕ್ಕೂ ಮಿಕ್ಕಿ ಮನೆಗಳು ಎದ್ದು ನಿಂತಿದ್ದುವು. ಮನೆಗಳನ್ನು ಹಂಚುವಾಗ ಯಾರ ಅಗತ್ಯ ಎಷ್ಟೆಂಬುದಕ್ಕೆ ಅಂಕಗಳನ್ನು ನೀಡುವ ಪದ್ಧತಿಯಿದ್ದಿತು: ಮನೆಯಿಲ್ಲದವರು, ಮಕ್ಕಳುಳ್ಳವರು, ರೋಗಿಗಳು, ಅಂಗವಿಕಲರು ಇವರಿಗೆ ಆದ್ಯತೆ. ಕಟ್ಟಡದ ವೆಚ್ಚವನ್ನು ಬಾಡಿಗೆಯಿಂದ ವಸೂಲು ಮಾಡಲಿಲ್ಲ. ನಿರ್ವಹಣೆಗೆ ಬೇಕಾದಷ್ಟನ್ನು ಮಾತ್ರ ಪಡೆಯಲಾಯಿತು. ಪ್ರತಿಯೊಂದು ಮನೆಯೊಳಗೂ ನಲ್ಲಿ, ಪ್ರತಿಯೊಂದು ಮನೆಗೂ ಪ್ರತ್ಯೇಕ ಶೌಚಾಲಯ. ಬೆಟ್ಟದ ನೀರು ಕೊನೆಗೂ ಬಡವನ ಒಲೆಯ ಪಕ್ಕಕ್ಕೆ ಬಂದಿತು.

ಇವುಗಳಲ್ಲಿ ಪ್ರಸಿದ್ಧವಾದುದು 1930ರಲ್ಲಿ ಉದ್ಘಾಟನೆಯಾದ ‘ಕಾರ್ಲ್ ಮಾರ್ಕ್ಸ್ ಹೋಫ್’. ‘ಹೋಫ್’ ಎಂದರೆ ಅಂಗಳ. ಒಂದು ಕಿಲೋಮೀಟರಿಗಿಂತಲೂ ಉದ್ದವಾದ ಈ ಕಟ್ಟಡದಲ್ಲಿ 1,382 ಮನೆಗಳಿದ್ದುವು. ಆದರೂ ಅಲ್ಲಿನ ನೆಲದಲ್ಲಿ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಜಾಗದಲ್ಲಿ ಮಾತ್ರ ಕಟ್ಟಡ. ಉಳಿದುದೆಲ್ಲ ಅಂಗಳ, ಹುಲ್ಲು, ಮರ, ಮಕ್ಕಳ ಆಟದ ಬಯಲು. ಬಟ್ಟೆ ಒಗೆಯುವ ಸಾರ್ವಜನಿಕ ಗೃಹಗಳು, ಸ್ನಾನಗೃಹಗಳು, ಶಿಶುವಿಹಾರಗಳು, ಗ್ರಂಥಾಲಯ, ದಂತ ಚಿಕಿತ್ಸಾಲಯ ಇವೂ ಅಲ್ಲಿಯೇ ಇದ್ದುವು. ಇಂಥ ಕಟ್ಟಡಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಬರಹವಿರುತ್ತಿದ್ದಿತು. ಇದನ್ನು ವಿಯೆನ್ನಾ ನಗರವು ಇಂಥ ವರ್ಷದಲ್ಲಿ ಗೃಹನಿರ್ಮಾಣ ತೆರಿಗೆಯ ಹಣದಿಂದ ಕಟ್ಟಿತೆಂಬುದು ಅದರ ತಾತ್ಪರ್ಯ. ತನ್ನ ಹಣ ಏನಾಯಿತೆಂಬುದನ್ನು ತೆರಿಗೆ ಕೊಟ್ಟವನು ಬೀದಿಯಲ್ಲಿ ನಡೆಯುತ್ತಲೇ ಓದಿಕೊಳ್ಳಬಹುದಾಗಿತ್ತು.

ಈ ತೀರ್ಮಾನಕ್ಕೂ ಕೊರತೆಗಳಿದ್ದುವು. ಮನೆಗಳು ಬಹಳ ಚಿಕ್ಕವು. ಬಹುಪಾಲು ಮನೆಗಳಲ್ಲಿ ಸ್ನಾನದ ಕೋಣೆಯಿರಲಿಲ್ಲ. ತೆರಿಗೆ ಕೊಟ್ಟವರಲ್ಲಿ ಹಲವರು ಬ್ರೈಟ್ನರನನ್ನು ಕಟುವಾಗಿ ದ್ವೇಷಿಸಿದರು. ಬಾಡಿಗೆಯನ್ನು ಕಾನೂನಿನಿಂದ ತಡೆಹಿಡಿದುದರಿಂದ ಖಾಸಗಿಯವರು ಮನೆ ಕಟ್ಟುವುದನ್ನೇ ನಿಲ್ಲಿಸಿದರೆಂಬ ಟೀಕೆಯೂ ಇದ್ದಿತು. 1929ರ ಅನಂತರ ಜಗತ್ತಿನಾದ್ಯಂತ ಆರ್ಥಿಕ ಕುಸಿತ ಉಂಟಾದಾಗ ನಗರದ ಬೊಕ್ಕಸವೂ ಬರಿದಾಗತೊಡಗಿತು. 1934ರ ಫೆಬ್ರವರಿಯಲ್ಲಿ ಅಂತರ್ಯುದ್ಧ ಸಿಡಿದು, ದೇಶದ ಸರ್ಕಾರದ ಸೈನ್ಯವು ಕಾರ್ಲ್ ಮಾರ್ಕ್ಸ್ ಹೋಫಿನ ಮೇಲೆ ಫಿರಂಗಿಗಳನ್ನು ಹಾರಿಸಿತು. ನಗರಾಧ್ಯಕ್ಷನಾಗಿದ್ದ ಕಾರ್ಲ್ ಜೈಟ್ಸ್‌ನನ್ನು ಬಂಧಿಸಲಾಯಿತು. ಚುನಾಯಿತ ನಗರಸಭೆಯೇ ರದ್ದಾಯಿತು. ಬ್ರೈಟ್ನರನು ಮುಂದೆ ದೇಶ ಬಿಟ್ಟು ಹೋಗಿ, 1946ರಲ್ಲಿ ಅಮೆರಿಕದಲ್ಲಿ ಕಣ್ಣುಮುಚ್ಚಿದನು. ತಾನು ಹಣ ಹೊಂದಿಸಿ ಕಟ್ಟಿಸಿದ ಮನೆಗಳನ್ನು ಮತ್ತೆ ನೋಡುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ಆದರೆ ಮನೆಗಳು ಉಳಿದುವು. ಪ್ರಜಾಪ್ರಭುತ್ವ ಮರಳಿದ ಮೇಲೆ ನಗರಸಭೆಯು ಕಟ್ಟುವ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿತು. ಇಂದು ವಿಯೆನ್ನಾ ನಗರದ ಒಡೆತನದಲ್ಲಿ ಸುಮಾರು 2,20,000 ಮನೆಗಳಿವೆ. ನಗರದ ಜನರಲ್ಲಿ ಹೆಚ್ಚುಕಡಮೆ ನಾಲ್ಕನೆಯ ಒಂದು ಪಾಲು ಅವುಗಳಲ್ಲಿ ವಾಸಿಸುತ್ತಿದ್ದಾರೆ. ಸ್ಯೂಸ್ ತೋರಿಸಿದ ಬೆಟ್ಟಗಳ ನೀರು ಇಂದಿಗೂ ಆ ಕಾಲುವೆಯಲ್ಲಿ ಹರಿದು ಬರುತ್ತಿದೆ.

ಈ ಎರಡು ತೀರ್ಮಾನಗಳಲ್ಲಿ ಯಾವುದು ದೊಡ್ಡದೆಂದು ತೂಗಬೇಕಾಗಿಲ್ಲ. ನೀರಿಲ್ಲದೆ ಮನೆಯಿಲ್ಲ, ಮನೆಯೊಳಕ್ಕೆ ಬಾರದ ನೀರಿನಿಂದ ಪೂರ್ಣ ಪ್ರಯೋಜನವಿಲ್ಲ. ಯಾವುದೇ ಊರಿನ ಸಭೆ ಒಂದು ಕಾಮಗಾರಿಯನ್ನು ಕೈಗೊಂಡಾಗ ಪೌರರು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದರ ಹೊರೆಯನ್ನು ಹೊರುವವರು ಯಾರು? ಇದರ ಫಲವು ಯಾರ ಬಾಗಿಲವರೆಗೆ ಬರುತ್ತದೆ? ಯಾರ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿಯೇ ನಿಂತುಬಿಡುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಬಲ್ಲವರು ಕೊಡ ಹಿಡಿದು ಸರದಿಯಲ್ಲಿ ನಿಂತವರು. ಅವರ ಮಾತು ಸಭೆಯನ್ನು ಮುಟ್ಟುವ ದಾರಿಯೇ ಮತದಾನ. ಇಂದಿನ ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಆ ಹಕ್ಕನ್ನು ಪಡೆಯಲಿರುವವರು. ಅದನ್ನು ಬಳಸುವಾಗ ಈ ಹತ್ತು ಹೆಜ್ಜೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಅವರ ಊರಿಗೂ ಒಳಿತು.