ಹಳೆಯ ಟ್ರ್ಯಾಕ್ಟರು: ತೂಕದ ಬೆಲೆಯೋ, ಗುರುತಿನ ಬೆಲೆಯೋ?

ಹಳೆಯ ಯಂತ್ರವೊಂದು ಕೈ ಬದಲಾಗುವಾಗ ವರ್ತಕನಿಗೆ ಎರಡು ಬಗೆಯ ನಷ್ಟ ಸಂಭವಿಸಬಹುದು. ಅಪರೂಪದ ಯಂತ್ರವನ್ನು ಅರಿಯದೆ ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿಬಿಡುವುದು ಮೊದಲನೆಯದು. ಸಾಮಾನ್ಯ ಯಂತ್ರಕ್ಕೆ ಅಪರೂಪದ ಬೆಲೆ ತೆರುವುದು ಎರಡನೆಯದು. ಎರಡಕ್ಕೂ ಮೂಲ ಒಂದೇ. ಯಂತ್ರದ ವಯಸ್ಸನ್ನಷ್ಟೇ ನೋಡಿ ಬೆಲೆ ಕಟ್ಟುವುದು. ಮೌಲ್ಯ ನಿರ್ಣಯದ ಸರಿಯಾದ ಕ್ರಮವನ್ನು ತಿಳಿಯಲು ಫರ್ಗ್ಯೂಸನ್ ಹೆಸರಿನ ಎರಡು ಟ್ರ್ಯಾಕ್ಟರುಗಳ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಒಂದೇ ಹೆಸರು, ಎರಡು ಬೆಲೆ

ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸಿ, ಹೈಡ್ರಾಲಿಕ್ ಬಲದಿಂದ ಎತ್ತಿಳಿಸುವ ವ್ಯವಸ್ಥೆಯನ್ನು ರೂಪಿಸಿದವರು ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್. ಇಂದು ಕರ್ನಾಟಕದ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ಕಾಣುವುದೂ ಇದೇ ತತ್ತ್ವದ ಜೋಡಣೆ. ಈ ವ್ಯವಸ್ಥೆಯುಳ್ಳ ‘ಟೈಪ್ ಎ’ ಟ್ರ್ಯಾಕ್ಟರನ್ನು 1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಸಂಸ್ಥೆಯು ತಯಾರಿಸತೊಡಗಿತು. ಫರ್ಗ್ಯೂಸನ್-ಬ್ರೌನ್ ಎಂದು ಪ್ರಸಿದ್ಧವಾದ ಈ ಯಂತ್ರದ ಬೆಲೆ 224 ಪೌಂಡ್. ಪ್ರತಿಸ್ಪರ್ಧಿಯಾದ ಫೋರ್ಡ್‌ಸನ್ ಇದಕ್ಕಿಂತ ಅಗ್ಗವಾಗಿತ್ತು. ಮೇಲಾಗಿ, ಇದಕ್ಕೆಂದೇ ತಯಾರಾದ ಉಪಕರಣಗಳನ್ನು ರೈತನು ಬೇರೆಯಾಗಿ ಕೊಳ್ಳಬೇಕಾಗಿತ್ತು. ಮಾರಾಟ ನಿರೀಕ್ಷಿಸಿದಂತೆ ಸಾಗಲಿಲ್ಲ. ಸುಮಾರು 1,350 ಟ್ರ್ಯಾಕ್ಟರುಗಳು ತಯಾರಾದ ನಂತರ, 1939ರಲ್ಲಿ ಉತ್ಪಾದನೆ ನಿಂತಿತು.

ಎರಡನೆಯದು ಟಿಇ-20. ಕೊವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಸ್ಟ್ಯಾಂಡರ್ಡ್ ಮೋಟರ್ ಕಂಪನಿಯು 1946ರಿಂದ 1956ರವರೆಗೆ ಇದನ್ನು ತಯಾರಿಸಿತು. ತಯಾರಾದ ಸಂಖ್ಯೆ 5 ಲಕ್ಷಕ್ಕೂ ಹೆಚ್ಚು. ಫರ್ಗ್ಯೂಸನ್ ಸಂಸ್ಥೆಯು 1953ರಲ್ಲಿ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಮುಂದೆ ಅದು ಮ್ಯಾಸಿ ಫರ್ಗ್ಯೂಸನ್ ಆಯಿತು. ಅದರ ಸಹಯೋಗದಲ್ಲಿ 1960ರಲ್ಲಿ ಚೆನ್ನೈಯ ಟಾಫೆ ಸಂಸ್ಥೆ ಸ್ಥಾಪನೆಯಾದದ್ದರಿಂದ ಈ ಹೆಸರು ಭಾರತದ ರೈತರಿಗೂ ಚಿರಪರಿಚಿತ.

ಎರಡೂ ಹಳೆಯವೇ. ಆದರೆ ಟಿಇ-20 ಇಂದಿಗೂ ವಿಪುಲವಾಗಿ ದೊರೆಯುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಅದರ ಬೆಲೆಯನ್ನು ಬಹುಮಟ್ಟಿಗೆ ಅದರ ಸ್ಥಿತಿಯೇ ನಿರ್ಧರಿಸುತ್ತದೆ. ಫರ್ಗ್ಯೂಸನ್-ಬ್ರೌನ್‌ನ ಸಂಗತಿ ಬೇರೆ. ಅಂದು ಮಾರಾಟವಾಗದಿದ್ದುದೇ ಇಂದು ಅದನ್ನು ಅಪರೂಪವಾಗಿಸಿದೆ. ಅಪರೂಪವೊಂದೇ ಸಾಲದು ಎಂಬುದನ್ನೂ ಗಮನಿಸಬೇಕು. ಕೃಷಿ ಯಂತ್ರಗಳ ಚರಿತ್ರೆಯಲ್ಲಿ ಅದಕ್ಕೆ ವಿಶಿಷ್ಟ ಸ್ಥಾನವಿರುವುದರಿಂದ ಸಂಗ್ರಹಕಾರರು ಅದನ್ನು ಅರಸುತ್ತಾರೆ. ಕೇಳುವವರಿಲ್ಲದ ಅಪರೂಪಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ.

ಬೆಲೆಯ ಮೂರು ಮೆಟ್ಟಿಲು

ಯಾವುದೇ ಹಳೆಯ ಯಂತ್ರಕ್ಕೆ ಮೂರು ಬೆಲೆಗಳುಂಟು. ಗುಜರಿ ಬೆಲೆ ಕಬ್ಬಿಣದ ತೂಕವನ್ನು ಅವಲಂಬಿಸಿದ್ದು; ಯಂತ್ರದ ಬೆಲೆ ಇದಕ್ಕಿಂತ ಕೆಳಗಿಳಿಯುವುದಿಲ್ಲ. ದುಡಿಮೆಯ ಬೆಲೆ ಯಂತ್ರವು ಇನ್ನೆಷ್ಟು ಕೆಲಸ ಮಾಡಬಲ್ಲದು ಎಂಬುದನ್ನು ಅವಲಂಬಿಸಿದ್ದು. ಮೂರನೆಯದು ಸಂಗ್ರಹದ ಬೆಲೆ. ಯಂತ್ರವು ಯಾವುದು, ಎಷ್ಟರಮಟ್ಟಿಗೆ ಮೂಲರೂಪದಲ್ಲಿದೆ ಎಂಬುದಕ್ಕೆ ಪುರಾವೆ ದೊರೆತಾಗ ಮಾತ್ರ ಇದು ಸಲ್ಲುತ್ತದೆ. ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಮೊತ್ತಕ್ಕೂ ಈ ಮೂರನೆಯ ಬೆಲೆಗೂ ಸಂಬಂಧವಿಲ್ಲ.

ಗುರುತಿನ ಪರೀಕ್ಷೆ

ಮೊದಲು ನೋಡಬೇಕಾದುದು ಕ್ರಮಸಂಖ್ಯೆಯ ಫಲಕ. ಟಿಇ-20 ಟ್ರ್ಯಾಕ್ಟರುಗಳಲ್ಲಿ ಮಾದರಿಯ ಅಕ್ಷರಗಳೇ ಬಹಳಷ್ಟನ್ನು ತಿಳಿಸುತ್ತವೆ. ಟಿಇಎ ಎಂದರೆ ಸ್ಟ್ಯಾಂಡರ್ಡ್ ಪೆಟ್ರೋಲ್ ಎಂಜಿನ್. ಟಿಇಡಿ ಎಂದರೆ ಸೀಮೆಎಣ್ಣೆಯಂತಹ ಇಂಧನದಿಂದ ನಡೆಯುವುದು. ಟಿಇಎಫ್ ಎಂದರೆ ಡೀಸೆಲ್. ಫಲಕದಲ್ಲಿ ಟಿಇಎಫ್ ಎಂದಿದ್ದು ಒಳಗೆ ಪೆಟ್ರೋಲ್ ಎಂಜಿನ್ ಇದ್ದರೆ, ಎರಡು ಯಂತ್ರಗಳ ಭಾಗಗಳು ಒಂದಾಗಿವೆ ಎಂದೇ ಶಂಕಿಸಬೇಕು. ಫಲಕವನ್ನು ಕಳಚಿ ಬೇರೊಂದಕ್ಕೆ ಜಡಿಯುವುದು ಕಷ್ಟವಲ್ಲ. ಆದುದರಿಂದ ಎಂಜಿನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನೂ, ಫಲಕದ ರಿವೆಟ್ಟುಗಳು ಹೊಸವೇ ಹಳೆಯವೇ ಎಂಬುದನ್ನೂ ಪರಿಶೀಲಿಸುವುದು ಅಗತ್ಯ.

ಫರ್ಗ್ಯೂಸನ್-ಬ್ರೌನ್‌ನ ಮೊದಲ ತಂಡದ ಟ್ರ್ಯಾಕ್ಟರುಗಳಲ್ಲಿ ಕೊವೆಂಟ್ರಿ ಕ್ಲೈಮ್ಯಾಕ್ಸ್ ಎಂಜಿನ್ ಇತ್ತು; ನಂತರದವುಗಳಲ್ಲಿ ಡೇವಿಡ್ ಬ್ರೌನ್‌ರದೇ ಎಂಜಿನ್. ಕ್ರಮಸಂಖ್ಯೆಗೂ ಎಂಜಿನ್ನಿಗೂ ಹೊಂದಿಕೆಯಿರಬೇಕು. ಬಿರುಕು ಮತ್ತು ಬೆಸುಗೆಯ ಗುರುತುಗಳನ್ನು ವಿಶೇಷವಾಗಿ ಹುಡುಕಬೇಕು. ಎಂಜಿನ್ನಿನ ಸವೆತವನ್ನು ಸರಿಪಡಿಸಬಹುದು; ಒಡೆದ ಎರಕದ ಭಾಗಕ್ಕೆ ಬದಲಿ ದೊರೆಯುವುದು ದುರ್ಲಭ.

ಹೊಸ ಬಣ್ಣ ಕಂಡು ಮರುಳಾಗಬಾರದು. ಬಣ್ಣದ ಅಡಿಯಲ್ಲಿ ತುಕ್ಕು, ಬೆಸುಗೆ, ಅಳಿಸಿದ ಸಂಖ್ಯೆ ಅಡಗಿರಬಹುದು. ಅಖಂಡವಾಗಿ ಉಳಿದ ಮಾಸಿದ ಮೂಲಬಣ್ಣವನ್ನು ಸಂಗ್ರಹಕಾರರು ಹಲವೊಮ್ಮೆ ಹೊಸ ಬಣ್ಣಕ್ಕಿಂತ ಹೆಚ್ಚಾಗಿ ಮೆಚ್ಚುತ್ತಾರೆ. ಒಮ್ಮೆ ಕೆರೆದು ತೆಗೆದ ಮೂಲಬಣ್ಣ ಮರಳಿ ಬಾರದು.

ದಾಖಲೆಯಿಲ್ಲದ ಕಥೆಗೆ ಬೆಲೆಯಿಲ್ಲ

1958ರ ಜನವರಿ 4ರಂದು ಎಡ್ಮಂಡ್ ಹಿಲರಿಯವರ ತಂಡ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲಿ ದಕ್ಷಿಣ ಧ್ರುವವನ್ನು ತಲಪಿತು. ಅಂತಹ ಯಾತ್ರೆಯ ಟ್ರ್ಯಾಕ್ಟರಿಗೆ ಅದೇ ಮಾದರಿಯ ಇನ್ನೊಂದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೌಲ್ಯವಿರುವುದು ಸಹಜ. ಆದರೆ ಮಾರುವವನ ಮಾತು ಪುರಾವೆಯಾಗದು. ಕ್ರಮಸಂಖ್ಯೆಯನ್ನು ನಮೂದಿಸಿದ ಮೊದಲ ಖರೀದಿಯ ಬಿಲ್ಲು, ನೋಂದಣಿ ಪತ್ರ, ಹಳೆಯ ಛಾಯಾಚಿತ್ರ, ಕೈಪಿಡಿ, ಜೊತೆಗೆ ಬಂದ ಉಪಕರಣಗಳು — ಇವು ಬೆಲೆಯನ್ನು ಏರಿಸುತ್ತವೆ. ಕಾಗದಗಳಿಲ್ಲದ ಕಥೆಗೆ ಹಣ ತೆರುವ ಅಗತ್ಯವಿಲ್ಲ.

ಖರೀದಿಯ ಲೆಕ್ಕ

ಹೋಲಿಕೆಗೆ ಮಾರುವವರು ಹೇಳುವ ದರವನ್ನು ಬಿಟ್ಟು, ನಿಜವಾಗಿ ಮಾರಾಟವಾದ ದರವನ್ನೇ ತೆಗೆದುಕೊಳ್ಳಬೇಕು. ಇಂಗ್ಲೆಂಡಿನ ಚೆಫಿನ್ಸ್‌ನಂತಹ ಹರಾಜು ಸಂಸ್ಥೆಗಳು ಹಳೆಯ ಟ್ರ್ಯಾಕ್ಟರುಗಳ ಹರಾಜಿನ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ಆ ಮೊತ್ತದಲ್ಲಿ ಹರಾಜಿನ ಕಮಿಷನ್ ಸೇರಿದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಲೆಕ್ಕದ ಕ್ರಮವನ್ನು ತಿಳಿಯಲು ಊಹೆಯ ಉದಾಹರಣೆಯೊಂದನ್ನು ಗಮನಿಸಬಹುದು. ಪೂರ್ಣ ದುರಸ್ತಿಯಾದ ಅದೇ ಮಾದರಿಯ ಟ್ರ್ಯಾಕ್ಟರು ರೂ. 6,00,000ಕ್ಕೆ ಮಾರಾಟವಾಗಿದೆ ಎಂದಿಟ್ಟುಕೊಳ್ಳೋಣ. ಬಿಡಿಭಾಗಗಳಿಗೆ ರೂ. 1,40,000, ಕೂಲಿಗೆ ರೂ. 90,000, ಸಾಗಣೆಗೆ ರೂ. 30,000, ಅನಿರೀಕ್ಷಿತ ವೆಚ್ಚಕ್ಕೆ ಮಾರಾಟ ಬೆಲೆಯ ಶೇ. 10ರಂತೆ ರೂ. 60,000. ಒಟ್ಟು ರೂ. 3,20,000. ಉಳಿಯುವುದು ರೂ. 2,80,000. ಕೊಳ್ಳುವವನ ಗರಿಷ್ಠ ಮಿತಿ ಇದೇ. ಲಾಭ ಬೇಕೆಂದರೆ ಇದಕ್ಕಿಂತ ಕಡಿಮೆಗೆ ಕೊಳ್ಳಬೇಕು. ‘ಅಪರೂಪದ್ದು, ಬೆಲೆ ಏರುತ್ತದೆ’ ಎಂಬ ನಂಬಿಕೆಯಿಂದ ಈ ಮಿತಿಯನ್ನು ಮೀರುವುದು ವ್ಯಾಪಾರವೆನಿಸದು, ಜೂಜಾಗುತ್ತದೆ.

ಮಾರುವವರು ಅರಿಯಬೇಕಾದುದು

ಕಾರ್ಖಾನೆಯ ಮೂಲೆಯಲ್ಲಿಯೋ ತೋಟದ ಕೊಟ್ಟಿಗೆಯಲ್ಲಿಯೋ ಹಳೆಯ ಯಂತ್ರವಿದ್ದರೆ, ಗುಜರಿಯವರನ್ನು ಕರೆಯುವ ಮೊದಲು ಫಲಕದ ಸಂಖ್ಯೆಯನ್ನು ಬರೆದುಕೊಂಡು, ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದು, ಮಾದರಿಯನ್ನು ಬಲ್ಲವರಿಂದ ವಿಚಾರಿಸಬೇಕು. ಅಲ್ಲಿಯವರೆಗೆ ಅದನ್ನು ಬಿಚ್ಚಬಾರದು, ಬಣ್ಣ ಬಳಿಯಬಾರದು, ಬಿಡಿಭಾಗಗಳನ್ನು ಬೇರೆ ಮಾಡಿ ಮಾರಬಾರದು. ಹೆಚ್ಚಿನ ಯಂತ್ರಗಳು ಸಾಮಾನ್ಯವೆಂದೇ ತಿಳಿದುಬರಬಹುದು. ಆಗ ತೂಕಕ್ಕೆ ಮಾರಿದರೂ ನಷ್ಟವಿಲ್ಲ. ವಿಚಾರಣೆಗೆ ತಗಲುವುದು ಕೆಲವು ದಿನಗಳು ಮಾತ್ರ. ಕುಲುಮೆ ಸೇರಿದ ಯಂತ್ರವನ್ನಾದರೋ ಮರಳಿ ಪಡೆಯಲಾಗದು.